ಎರಡನೇ ಮರಿಯ ತಾಯಿ

ಆಸ್ಟಿನ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಧಾರವಾಡದವಳು. ಕಾಡುಕುರಿಗಳ ಮರಿ ಎಣಿಸುವುದೇ ಅವಳ ಪಿಎಚ್‌ಡಿ. ದೂರದ ಬೆಟ್ಟಗಳಲ್ಲಿಟ್ಟ ಕ್ಯಾಮೆರಾಗಳ ವಿಡಿಯೊಗಳನ್ನು ಅಡುಗೆಮನೆಯಲ್ಲಿ ಕೂತು ನೋಡುವಳು. ಪಕ್ಕದಲ್ಲಿ ಚಹಾ ಆರುತ್ತಿರುತ್ತಿತ್ತು. ಆ ಕುರಿಗಳು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತವೆ. ಅವಳಿ ಸಿಕ್ಕರೆ ಅವಳ ಪ್ರೊಫೆಸರ್ ಕುಣಿದಾಡುವವರು.

ಒಂದು ಶನಿವಾರ ಒಂದು ಕುರಿಯ ಹಿಂದೆ ಎರಡು ಮರಿ ಕಂಡವು. "ಅವಳಿ!" ಎಂದು ನಾನು ಕೂಗಿಯೇಬಿಟ್ಟೆ.

"ಹಾಲು ಕುಡಿದದ್ದು ನೋಡೀರೇನ್ರೀ?" ಅಂದಳು. ಪಕ್ಕದೂರು ಸೀಡರ್ ಪಾರ್ಕ್‌ನ ಕನ್ನಡದ ಆಂಟಿಯೊಬ್ಬರ ಮಗಳಿಗೆ ಮದುವೆ ಗೊತ್ತಾಯಿತಂತೆ ಎಂದು ಗಾಳಿಸುದ್ದಿ ಹೇಳಿದರೂ ಅವಳದು ಇದೇ ಪ್ರಶ್ನೆ. ನೀರಿಗೆ ಹೋಗುವ ತಾಯಂದಿರು ಮರಿಗಳನ್ನು ಇನ್ನೊಂದು ಕುರಿಯ ಬಳಿ ಬಿಟ್ಟು ಹೋಗುವುದುಂಟಂತೆ.

ಮಧ್ಯಾಹ್ನದವರೆಗೆ ನೋಡಿದೆವು. ಒಂದು ಮರಿ ಹಾಲು ಕುಡಿಯಿತು. ಇನ್ನೊಂದು ಬಾಯಿ ಹಾಕಿದ್ದೇ ತಡ, ಕುರಿ ತಲೆಯಿಂದ ಗುದ್ದಿ ದೂಡಿತು. ಅವಳು 'ಒಂದು' ಎಂದು ಬರೆದುಕೊಂಡಳು. ಪ್ರೊಫೆಸರ್‌ಗೆ ಹೇಳಲು ಏನೂ ಉಳಿಯಲಿಲ್ಲ. ಆದರೂ ವಿಡಿಯೊ ನಿಲ್ಲಿಸಲಿಲ್ಲ.

"ಇನ್ನೇನು ನೋಡ್ತೀಯ?" ಎಂದು ಕೇಳಿದೆ.

"ಅದರವ್ವ ಬರಲಿ, ತಡೀರಿ."

ಕಡೆಯ ವಿಡಿಯೊದಲ್ಲಿ ಇಳಿಜಾರು ಹತ್ತಿ ಒಂದು ಕುರಿ ಬಂತು. ಎರಡನೇ ಮರಿ ಓಡಿಹೋಗಿ ಮಂಡಿಯೂರಿ ಕುಡಿಯಿತು. ಆಮೇಲೆ ಅವಳು ತಣ್ಣಗಾದ ತನ್ನ ಚಹಾ ಎತ್ತಿಕೊಂಡಳು.