ಕ್ಯಾಲೆಂಡರಿನ ಹಿಂದಿನ ಕೆಂಪು ಗೆರೆ

ರಾಮದುರ್ಗದ ಹೊಳೆಸಾಲಿನ ಊರುಗಳಲ್ಲಿ ಮನೆಮನೆಯ ಗೋಡೆಗೆ ಕೆಂಪು ಗೆರೆ ಎಳೆಯುವುದು ನನ್ನ ನೌಕರಿ. ಮಳೆ ಈಗ ಮೊದಲಿನ ಹಾಗಿಲ್ಲ. ಹುಯ್ದರೆ ಮಲಪ್ರಭೆ ಸೀದಾ ಪಡಸಾಲೆಗೇ ಬರುತ್ತಾಳೆ. ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿಗೆ ಗೆರೆ. ಎಲ್ಲ ಗೆರೆಗಳನ್ನು ಕೂಡಿಸಿದರೆ ಅಪಾಯದ ನಕ್ಷೆ. ಮುಂದಿನ ಸಲ ಯಾರು ಮೊದಲು ಮನೆ ಬಿಡಬೇಕು ಎಂಬುದು ಅದರಿಂದ ತಿಳಿಯುತ್ತದೆ. ಪುಣ್ಯದ ಕೆಲಸ ಅಂದುಕೊಂಡಿದ್ದೆ, ನಮ್ಮ ದೊಡ್ಡವ್ವನ ಮನೆಗೆ ಹೋಗುವ ತನಕ.

ದೊಡ್ಡವ್ವನ ಮಗನಿಗೆ ಕನ್ಯೆ ಹುಡುಕಿ ಹುಡುಕಿ ಎಲ್ಲರ ಚಪ್ಪಲಿ ಸವೆದಿದ್ದವು. ಅಂತೂ ಹೊಳೆಯ ಕೆಳಗಿನ ಊರಿನವರೊಬ್ಬರು ಮನೆ ನೋಡಲು ಬರುವವರಿದ್ದರು. ಅದರ ಹಿಂದಿನ ದಿನವೇ ನಾನು ಬಣ್ಣದ ಡಬ್ಬಿ ಹಿಡಿದು ಹೋಗಿ, ಪಡಸಾಲೆಯ ಗೋಡೆಗೆ ಮೊಣಕಾಲೆತ್ತರದಲ್ಲಿ ಗೇಣುದ್ದದ ಗೆರೆ ಎಳೆದುಬಿಟ್ಟೆ.

"ಅಳಸು ಮೊದಲ," ಅಂದಳು ದೊಡ್ಡವ್ವ. "ಹೊಳಿ ಬರೂ ಮನಿಗೆ ಯಾರು ಕನ್ಯಾ ಕೊಡ್ತಾರ?"

"ಅಳಸಿದ್ರ ಹೊಳಿ ಬರೂದು ಬಿಡತೈತೇನು?"

"ಮದಿವಿ ಆಗಲಿ. ಆಮ್ಯಾಲ ಬೇಕಾದ್ರ ಮಾಳಿಗಿ ಜಂತಿ ಮಟ ಗೀಚು."

ನನಗೂ ಸಿಟ್ಟು ಬಂತು. ಅಳಿಸಲಿಲ್ಲ. ದೊಡ್ಡವ್ವನೇನು ಕಡಿಮೆಯೇ? ಗೆರೆಯ ಮೇಲೆ ಮೊಳೆ ಹೊಡೆದು, ಗೊಬ್ಬರದಂಗಡಿಯವರು ಕೊಟ್ಟ ದೊಡ್ಡ ಕ್ಯಾಲೆಂಡರನ್ನು ತೂಗುಹಾಕಿದಳು. ಮೊಣಕಾಲೆತ್ತರದ ಆ ಕ್ಯಾಲೆಂಡರಿನ ತಾರೀಖು ನಿಂತವರಿಗೆ ಕಾಣುವಂತಿರಲಿಲ್ಲ, ಬೆಕ್ಕಿಗೆ ಚೆನ್ನಾಗಿ ಕಾಣುತ್ತಿತ್ತು. "ಹುಚ್ಚೇನು ನಿನಗ?" ಅಂದೆ. "ನೀ ಬಾಯಿ ಮುಚ್ಕೊಂಡು ನಾಳಿ ಸೂಸಲಾಕ್ಕ ಉಳ್ಳಾಗಡ್ಡಿ ಹೆಚ್ಚಾಕ ಬಾ," ಅಂದಳು.

ಮರುದಿನ ಬಂದವರು ಜಮಖಾನೆಯ ಮೇಲೆ ಕುಳಿತರು. ಕುಳಿತವರ ಮೂಗಿನ ಎದುರಿಗೇ ಕ್ಯಾಲೆಂಡರ್. ಚುರುಮುರಿ ಸೂಸಲಾ ತಿಂದರು, ಚಹಾ ಕುಡಿದರು, ಮನೆಯೂ ಮನಸ್ಸಿಗೆ ಬಂತು. "ಹಂಗಾರ ಒಂದು ಚಲೋ ದಿನಾ ನೋಡೂಣಲ್ರಿ," ಎಂದು ಹುಡುಗಿಯ ಅಪ್ಪ ಕೈ ಚಾಚಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದೇಬಿಟ್ಟರು. ಮದುವೆಯ ಮಾತು ಕುದುರಿದ ಕೂಡಲೇ ಎಲ್ಲರೂ ಹುಡುಕುವುದು ಅದನ್ನೇ ಎಂಬುದು ದೊಡ್ಡವ್ವನಿಗೆ ಹೊಳೆದೇ ಇರಲಿಲ್ಲ.

ನನಗೆ ನಗು ಉಕ್ಕಿತು. ಆದರೆ ಮೂಲೆಯಲ್ಲಿ ಹೊಸ ಅಂಗಿ ತೊಟ್ಟು ಕುಳಿತ ಅಣ್ಣನ ಮುಖ ನೋಡಿ ತಡೆದುಕೊಂಡೆ.

ಅವರು ಗೆರೆಯನ್ನೇ ನೋಡಿದರು. "ನೀರು ಇಷ್ಟ ಬಂದಿತ್ತೇನ್ರಿ?"

"ಇಷ್ಟರೀ," ಅಂದಳು ದೊಡ್ಡವ್ವ, ಸಣ್ಣ ದನಿಯಲ್ಲಿ.

"ನಮ್ಮನ್ಯಾಗ ಜಂತಿ ಮಟ ಎಳದು ಹೋಗ್ಯಾರ್ರಿ. ನೀವು ಬರ್ತೀರಂತ ಅದರ ಮುಂದ ಎತ್ತರದ್ದೊಂದು ತಿಜೋರಿ ನಿಲ್ಲಿಸೇವಿ."

 ಅವರು ಕ್ಯಾಲೆಂಡರಿನ ಹಾಳೆ ತಿರುವತೊಡಗಿದರು.

"ಮಳಿಗಾಲಕ್ಕಿಂತ ಮೊದಲ ಮುಗಸೂಣ್ರಿ," ಅಂದರು. "ಹೊಳಿ ಬರೂದ್ರಾಗ ಮಗಳು ಇಲ್ಲಿರಲಿ."