ಮೂರು ಅತ್ತೆ ವಯಸ್ಸಿನ ಸೌಟು

ಬಸ್ಸಿನಲ್ಲಿ ಸೌಟು ಕಳೆದುಹೋಗಬಹುದಿತ್ತು. ಚೀಲದಿಂದ ಹಿಡಿ ಹೊರಚಾಚಿ ಯಾರದಾದರೂ ಪಕ್ಕೆಗೆ ತಿವಿದು ಜಗಳವಾಗಬಹುದಿತ್ತು. ಅಂಗಡಿ ಮುಚ್ಚಿರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಾಪುವಿನ ಹಳೆ ಪಾತ್ರೆ ಅಂಗಡಿಯ ಕಾಕ ಅದನ್ನು ಮುಟ್ಟಿ "ಇದು ಮೊನ್ನೆ ಮೊನ್ನೆಯದ್ದು" ಎಂದುಬಿಡಬಹುದಿತ್ತು. ಕಾರ್ಕಳದಿಂದ ಹೊರಟವನು ದಾರಿಯುದ್ದಕ್ಕೂ ಇವನ್ನೆಲ್ಲ ಒಂದೊಂದಾಗಿ ಅನುಭವಿಸಿಯೇ ಇಳಿದೆ.

ಕಾಕನ ಬಲ ಹೆಬ್ಬೆರಳಿನ ಉಗುರು ಉದ್ದವಾಗಿ, ಕಿಲುಬು ಹಿಡಿದ ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಪಾತ್ರೆ ಕೈಗೆ ಬಂದೊಡನೆ ಕನ್ನಡಕ ಹಣೆಗೇರಿಸಿ ಕಣ್ಣು ಮುಚ್ಚುತ್ತಿದ್ದರು. ನೋಡುವುದೆಲ್ಲ ಆ ಉಗುರು. ಮಣಿಪಾಲದಿಂದ ಬಂದವರು ಎಷ್ಟು ವರ್ಷ ಹಳೆಯದು ಎಂದು ಕೇಳಿದರೆ, "ಇಸವಿ ಹೇಳ್ಲಿಕ್ಕೆ ಇದೆಂತ ಪಂಚಾಯತ್ ಆಫೀಸಾ?" ಎನ್ನುವರು. ಅವರ ಲೆಕ್ಕ ಅತ್ತೆಯಂದಿರದ್ದು. ಬಲಗೈಯವರು ಗಂಜಿಯ ತಳ ಕೆರೆದು ಕೆರೆದು ಸೌಟಿನ ಎಡ ಅಂಚು ಸವೆಯುತ್ತದೆ. ಒಬ್ಬ ಅತ್ತೆ ಅದನ್ನು ಸೊಸೆಯ ಕೈಗೆ ಕೊಡುವ ಹೊತ್ತಿಗೆ ಎಷ್ಟು ಸವೆದಿರಬೇಕೆಂಬುದು ಅವರಿಗೆ ಗೊತ್ತಿತ್ತು. ಅರದಿಂದ ಉಜ್ಜಿ ಹಳೆಯದು ಮಾಡಿದ್ದು ಸುತ್ತಲೂ ಒಂದೇ ಹದಕ್ಕೆ ಸವೆದಿರುತ್ತದೆ. "ಅದಕ್ಕೆ ಅತ್ತೆಯೇ ಇಲ್ಲ" ಎಂದು ವಾಪಸು ಕೊಡುವರು.

ನಮ್ಮ ತಕರಾರು ಇಷ್ಟು. ಈ ಕಂಚಿನ ಸೌಟು ತನ್ನ ಅಜ್ಜಿಯದ್ದೆಂದು ಅಮ್ಮ; ತನ್ನ ಅಪ್ಪ ಪೇಟೆಯಿಂದ ತಂದದ್ದೆಂದು ದೊಡ್ಡಮ್ಮನ ಮಗ. ಎಲ್ಲರೆದುರು ಅವನು "ಚಿಕ್ಕಮ್ಮನಿಗೆ ಈಗ ಮರೆವು" ಎಂದ ಮೇಲೆ ಅಮ್ಮ ಅವನ ಫೋನು ಎತ್ತುವುದನ್ನೇ ಬಿಟ್ಟಿದ್ದಳು. ಅವನೇ ಸರಿಯಾಗಿದ್ದರೆ ಎಂಬುದು ನನ್ನ ಭಯ.

ಇದನ್ನೆಲ್ಲ ನನ್ನಿಂದ ಕೇಳಿಕೊಂಡು ಕಾಕ ಸೌಟನ್ನು ಮೂಸಿದರು. "ಹುಣಸೆ ಹಾಕಿ ತಿಕ್ಕಿದ್ದೀರಾ?"

"ಕಪ್ಪಾಗಿತ್ತು. ತರಲಿಕ್ಕೆ ನಾಚಿಕೆಯಾಯ್ತು."

"ಎಂತ ಮಾರಾಯ್ರೆ, ಜ್ವರದವನಿಗೆ ಪೌಡರ್ ಹಚ್ಚಿ ಡಾಕ್ಟರ ಹತ್ರ ತಂದ ಹಾಗಾಯ್ತು."

ಉಗುರು ಅಂಚಿನಲ್ಲಿ ನಿಧಾನ ಹರಿದು, ಹಿಡಿಯ ಬುಡದಲ್ಲಿ ನಿಂತಿತು. ತಿಕ್ಕಿದ್ದರಿಂದ ಅಲ್ಲೊಂದು ಬೆಸುಗೆ ಎದ್ದು ಕಾಣುತ್ತಿತ್ತು.

"ಬಟ್ಟಲಿಗೆ ಮೂರು ಅತ್ತೆ ಉಂಟು. ಹಿಡಿಗೆ ಒಂದೇ. ಮುರಿದ ಮೇಲೆ ಯಾರೋ ಪೇಟೆಯಲ್ಲಿ ಹೊಸತು ಹಾಕಿಸಿದ್ದಾರೆ. ನಿಮ್ಮಮ್ಮನೂ ಸರಿ, ಆ ಜನವೂ ಸರಿ. ಮುರಿದದ್ದು ಯಾರು ಅಂತ ಮಾತ್ರ ನನಗೆ ಗೊತ್ತಾಗುವುದಿಲ್ಲ. ಅಮ್ಮನ ಹತ್ರ ಕೇಳಿ, ಬಂದು ಹೇಳಿ, ಆಯ್ತಾ?"

ಕೇಳಿದೆ. ಅಮ್ಮ ಸೌಟಿನ ಬೆಸುಗೆಯ ಮೇಲೆ ಬೆರಳಿಟ್ಟಳು. "ನಾನೇ. ಭಾವ, ಅದೇ ಅವನ ಅಪ್ಪ, ತಮಾಷೆ ಮಾಡಿದರೆಂದು ಬೀಸಿದ್ದೆ, ಕಂಬಕ್ಕೆ ಬಡಿಯಿತು. ಪಾಪ, ಅವರೇ ಕೊಂಡುಹೋಗಿ ಸರಿ ಮಾಡಿಸಿ ತಂದದ್ದು." ಆಮೇಲೆ ದೊಡ್ಡಮ್ಮನ ಮಗನಿಗೆ ತಾನೇ ಫೋನು ಮಾಡಿದಳು.

ಮಳೆ ಬಂದರೆ, ಕಾಕನಿಗೆ ಪುರುಸೊತ್ತಿಲ್ಲದಿದ್ದರೆ, ಇಷ್ಟು ಹೇಳಲು ಅಷ್ಟು ದೂರ ಬಂದನೇ ಎಂದು ನಕ್ಕರೆ ಎಂದೆಲ್ಲ ಯೋಚಿಸಿ ವಾರ ಕಳೆದೆ. ಹೋದ ದಿನ ಮಳೆ ಇರಲಿಲ್ಲ, ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಅಂಗಡಿಯಲ್ಲಿ ಅವರ ತಮ್ಮ ಕುಳಿತಿದ್ದರು; ಕಾಕ ತೀರಿಹೋದರೆಂದರು. ಕೆಟ್ಟದ್ದೆಂದು ಆದದ್ದು ಇಷ್ಟೇ: ನಾನು ನಾಲ್ಕು ದಿನ ತಡವಾಗಿ ಹೋಗಿದ್ದೆ.