ಹೊಲಕ್ಕೆ ಕಟ್ಟಿದ ದನಿ

ಅಕ್ಕನ ಗಂಡ ನಮ್ಮೂರ ಬೀರಪ್ಪ ದೇವರ ಗುಡಿಯಲ್ಲಿ ಡೊಳ್ಳಿನ ಪದ ಹಾಡುತ್ತಿದ್ದರು. ಅವರ ದನಿ ಉಳಿದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಅವರು ತೀರಿಕೊಂಡ ಮರುವರ್ಷ ಅದರ ಟೇಪು ಮಷೀನಿನೊಳಗೆ ಸುತ್ತಿಕೊಂಡಿತು. ಇಳಕಲ್ಲಿಗೆ ಒಯ್ದು ಸರಿ ಮಾಡಿಸಿಕೊಂಡು ಬಾ ಎಂದು ಅಕ್ಕ ನನ್ನ ಕೈಗೆ ಕೊಟ್ಟಳು.

ನಾನು ಇಳಕಲ್ಲಿಗೆ ಹೋಗಲಿಲ್ಲ. ಕಮತಗಿ ಹತ್ತಿರದ ನಮ್ಮ ಹೊಲದಲ್ಲಿ ಜೋಳ ಹಾಲುಗಾಳಾಗಿತ್ತು, ಗಿಳಿಗಳು ಎರಗುತ್ತಿದ್ದವು. ಕೆಟ್ಟ ಕ್ಯಾಸೆಟ್ಟಿನ ಟೇಪು ಬಿಚ್ಚಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟುವುದು ಆಗ ನಮ್ಮಲ್ಲಿ ರೂಢಿ. ಗಾಳಿಗೆ ಅದು ಗುಂಯ್‌ಗುಡುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಹತ್ತಿರ ಬರುವುದಿಲ್ಲ. ನನ್ನಲ್ಲಿದ್ದ ಕ್ಯಾಸೆಟ್ಟುಗಳು ಮುಗಿದರೂ ಎರಡು ಸಾಲು ಉಳಿದಿದ್ದವು. ಹೇಗೂ ಕೆಟ್ಟಿದೆ ಎಂದುಕೊಂಡು ಅಕ್ಕನದನ್ನೂ ಬಿಚ್ಚಿದೆ. ಕೆಟ್ಟಿರಲಿಲ್ಲ. ಸಿಕ್ಕುಬಿದ್ದದ್ದು ಒಂದು ಮೊಳ ಮಾತ್ರ. ಅದು ಬಿಚ್ಚುವಾಗಲೇ ನನಗೆ ಕಂಡಿತ್ತು. ಆದರೂ ಕಟ್ಟಿದೆ.

ಮುಂದಿನ ವಾರ ಅಂಥದೇ ಒಂದು ಖಾಲಿ ಕ್ಯಾಸೆಟ್ ಕೊಂಡು ಅವಳಿಗೆ ಕೊಟ್ಟೆ.

“ಇನ್ನ ಇದನ್ನ ಮಷೀನಿಗೆ ಹಚ್ಚಬ್ಯಾಡಕ್ಕಾ, ಹಚ್ಚಿದರ ಹರೀತೈತಿ” ಎಂದೆ.

ಅಕ್ಕ ನಂಬಿದಳು. ಅದನ್ನು ದೇವರ ಜಗಲಿಯ ಮೇಲಿಟ್ಟು, ಬೀರಪ್ಪನಿಗೆ ಹಚ್ಚುವ ಅರಿಸಿನದ ಭಂಡಾರವನ್ನು ಅದಕ್ಕೂ ದಿನಾ ಹಚ್ಚತೊಡಗಿದಳು.

ಸುಗ್ಗಿಗೆ ಮೊದಲು ಒಮ್ಮೆ ಬುತ್ತಿ ತಂದವಳು ಆ ಟೇಪಿನ ಕೆಳಗೇ ಕುಳಿತು ಉಂಡಳು. “ಹಕ್ಕಿ ಇರಲಿ, ಇದರ ಸಪ್ಪಳಕ್ಕ ನನಗ ಹೆದರಿಕಿ ಬರ್ತೈತಿ” ಎಂದು ನಕ್ಕಳು. ನಾನೂ ನಕ್ಕೆ. ರಾಶಿಯಾದ ಮೇಲೆ ಟೇಪನ್ನೆಲ್ಲ ಕಸದೊಂದಿಗೆ ಸುಟ್ಟೆ.

ಅಕ್ಕನಿಗೆ ಈಗ ಎಂಬತ್ತು ದಾಟಿದೆ. ವಿದ್ಯಾಗಿರಿಯ ಅಂಗಡಿಯೊಂದರಲ್ಲಿ ಹಳೆಯ ಕ್ಯಾಸೆಟ್ಟಿನ ಹಾಡನ್ನು ಮೊಬೈಲಿಗೆ ಹಾಕಿಕೊಡುತ್ತಾರೆಂದು ಕಳೆದ ತಿಂಗಳು ಯಾರೋ ಅವಳಿಗೆ ಹೇಳಿದರಂತೆ. ನನ್ನನ್ನು ಕರೆಸಿ ಕ್ಯಾಸೆಟ್ ಕೈಗಿಟ್ಟಳು.

“ಒಮ್ಮೆ ಕೇಳಿ ಹೋಗ್ತೇನಿ ತಮ್ಮಾ.”

ಹಳೆಯದಾಗಿ ಅಳಿಸಿಹೋಗಿದೆ ಎಂದು ಹೇಳಿಬಿಡಬಹುದಿತ್ತು. ಆ ಸುಳ್ಳನ್ನು ಕಟ್ಟಿಕೊಂಡೇ ಬಸ್ ನಿಲ್ದಾಣದವರೆಗೆ ಹೋದೆ. ಬಸ್ಸು ಬಂತು, ಹತ್ತಲಾಗಲಿಲ್ಲ. ತಿರುಗಿ ಬಂದು ಅಕ್ಕನ ಮುಂದೆ ಕುಳಿತು ಎಲ್ಲ ಹೇಳಿದೆ.



“ನಾ ಅದರ ಬುಡಕ ಕುಂತು ರೊಟ್ಟಿ ತಿಂದ್ನಲ್ಲೋ” ಎಂದಳು ಅಕ್ಕ. ಆಮೇಲೆ ಕೇಳಿದಳು, “ಹಂಗಾರ ಇದರಾಗ ಏನೈತಿ?”

“ಏನೂ ಇಲ್ಲಕ್ಕಾ.”

ಕ್ಯಾಸೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಭಂಡಾರ ಒರೆಸಿದಳು. ನಿಧಾನವಾಗಿ, ಎರಡೂ ಬದಿ. ಮತ್ತೆ ನನಗೇ ಕೊಟ್ಟಳು.

“ಇದು ನಿಂದು. ನೀನ ಒಯ್ಯಿ.”

ಈಗ ಅದು ನನ್ನ ಮನೆಯಲ್ಲಿದೆ. ಎರಡು ತೂತುಗಳ ಹಲ್ಲಿನ ಸಂದಿಯಲ್ಲಿ ಭಂಡಾರ ಇನ್ನೂ ಕುಳಿತಿದೆ. ಅದನ್ನು ತೆಗೆಯಲು ನನಗೆ ಕೈ ಬರುತ್ತಿಲ್ಲ.